ಖಾಲಿ ಜಾಗದ ಫೋಟೊ

ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯಲ್ಲಿ ಬಸ್ಸು ನಿಂತಾಗ ಒಬ್ಬಾಕೆ ಅವರೆಕಾಯಿ ಮೂಟೆ ಹತ್ತಿಸಿ ನನ್ನ ಕಾಲಬುಡಕ್ಕೇ ತಂದು ಒರಗಿಸಿದಳು. ಮಾಗಿಯ ಬೆಳಗು, ಕಾಯಿಯ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಮೂಟೆಯ ಬಾಯಿಂದ ಎದ್ದ ಸೊಗಡು ಇಡೀ ಬಸ್ಸಿಗೆ ಹರಡಿತು. ಮುಂದಿನ ಸೀಟಿನಾತ ಮೂಗರಳಿಸಿ, "ಇವತ್ತು ಮನೇಲಿ ಹಿತಕಿದ ಬೇಳೆ ಸಾರು ಮಾಡಿಸ್ಬೇಕು ಕಣ್ರೀ" ಎಂದು ಪಕ್ಕದವನಿಗೆ ಹೇಳಿದ. ಎಲ್ಲರ ಬಾಯಲ್ಲೂ ನೀರೂರಿರಬೇಕು. ನಾನು ಮಾತ್ರ ಮಡಿಲಲ್ಲಿದ್ದ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅದರಲ್ಲಿ ಒಂದು ಹೊಸ ಫೈಲಿತ್ತು. ಫೈಲಿನಲ್ಲಿ, ನಾನೇ ಹಿಂದಿನ ವಾರ ನಿಂತು ತೆಗೆದ, ಪಾರ್ಕಿಗೆಂದು ಬಿಟ್ಟ ಖಾಲಿ ಜಾಗಗಳ ಫೋಟೊಗಳಿದ್ದವು.

ಈಗ ನನ್ನ ಕೆಲಸ ಎಚ್.ಡಿ. ಕೋಟೆ ಕಡೆ. ಮೊದಲ ಪೋಸ್ಟಿಂಗು ಆದದ್ದು ಬೇರೆ ಊರಿನ ಪುರಸಭೆಯಲ್ಲಿ. ಊರಿನ ಹೆಸರು ಬೇಡ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳ ನಡುವೆ ಓಡಾಡುವವರು ಬೇಕಾದರೆ ಊಹಿಸಿಕೊಳ್ಳಲಿ. ಆ ಊರಿನ ಒಂದು ಮಳೆಗಾಲ ನನಗೆ ಕಲಿಸಿದ್ದನ್ನು ಎಂಜಿನಿಯರಿಂಗ್ ಕಾಲೇಜಿನ ನಾಲ್ಕು ವರ್ಷ ಕಲಿಸಿರಲಿಲ್ಲ.

ನಮ್ಮ ಮನೆ ಹಾರನಹಳ್ಳಿ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪನಿಗೆ ಹೊಗೆಸೊಪ್ಪು, ರಾಗಿ, ಎರಡು ಹಸು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬ್ಯಾರನ್ನಿನ ಕೋಣೆಯಲ್ಲಿ ಹೊಗೆಸೊಪ್ಪು ಬೇಯುವಾಗ ಒಲೆಯ ಮುಂದೆ ಕುಳಿತು, ಅದೇ ಬೆಳಕಿನಲ್ಲಿ ಲೆಕ್ಕ ಮಾಡಿ ಓದಿದವಳು ನಾನು. ಕೆಲಸ ಸಿಕ್ಕ ದಿನ ಅಪ್ಪ ಊರಿನವರಿಗೆಲ್ಲ, "ನಮ್ ಕೂಸು ಎಂಜಿನೇರು ಕಣ್ರಲಾ, ಅವಳು ಸೈನ್ ಹಾಕುದ್ರೆ ರಸ್ತೆ ಆಯ್ತದೆ" ಎಂದು ಹೇಳಿಕೊಂಡು ತಿರುಗಿದ್ದರು.

ನಾನು ಸೇರಿದ ವರ್ಷವೇ ಸಣ್ಣ ಊರುಗಳ ಪಾರ್ಕುಗಳನ್ನು ಸುಧಾರಿಸಲು ಅನುದಾನ ಕೊಡುತ್ತೇವೆ, ಯೋಜನೆ ಕಳಿಸಿ ಎಂದು ಮೇಲಿನಿಂದ ಪತ್ರ ಬಂತು. ನಮ್ಮ ಮುಖ್ಯಾಧಿಕಾರಿಗಳು ಆ ಪತ್ರವನ್ನು ನನ್ನ ಮೇಜಿಗೆ ತಂದಿಟ್ಟು, "ನಾಲ್ಕು ಪಾರ್ಕು ಹಿಡೀರಿ ಮೇಡಂ. ನೀಟಾಗಿ ಮಾಡಿ. ನಿಮ್ಮ ಮೊದಲನೇ ಪ್ಲಾನು" ಎಂದರು. ಮೂರು ಪಾರ್ಕು ಸುಲಭವಾಗಿದ್ದವು: ಬೇಲಿ ಮುರಿದವು, ಜಾರುಬಂಡೆ ತುಕ್ಕು ಹಿಡಿದವು. ನಾಲ್ಕನೆಯದು ಊರಾಚೆಯ ಬಡಾವಣೆಯಲ್ಲಿತ್ತು. ನಕ್ಷೆಯಲ್ಲಿ ಹಸಿರು ಬಳಿದ ಒಂದು ಚೌಕ. ಆ ಬಡಾವಣೆಯ ಮಕ್ಕಳಿಗೆ ಆಡಲು ಬೇರೆ ಜಾಗವೇ ಇಲ್ಲ. ಸಂಜೆಯಾದರೆ ಲಾರಿ ಓಡಾಡುವ ರಸ್ತೆಯಲ್ಲೇ ಚೆಂಡು ಹಿಡಿದು ನಿಂತಿರುತ್ತಿದ್ದರು.

ಟೇಪು ಹಿಡಿದು ಹೋದರೆ, ಹಸಿರು ಚೌಕ ನಿಜವಾಗಿಯೂ ಹಸಿರಾಗಿತ್ತು. ಮೊಣಕಾಲುದ್ದ ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ. ಸುತ್ತ ಮೂರು ಕಡೆ ಆರ್‌ಸಿಸಿ ಮನೆಗಳು, ನಡುವೆ ಅಂಗೈಯಗಲ ಹೊಲ. ಎದುರಿಗಿದ್ದ ಹೆಂಚಿನ ಮನೆಯಿಂದ ಒಬ್ಬ ಅಜ್ಜಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಹೆಸರು ಚಿಕ್ಕತಾಯಮ್ಮ ಎಂದು ಆಮೇಲೆ ಗೊತ್ತಾಯಿತು.

"ಯಾರವ್ವ ನೀನು? ಗಣತಿಗೆ ಬಂದಿದ್ದೀಯಾ?"

"ಪುರಸಭೆಯಿಂದ. ಎಂಜಿನಿಯರ್."

"ಹೆಣ್ಮಗ ಎಂಜಿನೇರಾ! ಸಂದಾಗದೆ ಬುಡು."

"ಇಲ್ಲಿ ಯಾರಜ್ಜಿ ಬಿತ್ತಿರೋದು? ಇದು ಪಾರ್ಕಿನ ಜಾಗ."

"ನಾನೇಯ ಬಿತ್ತಿರದು. ಊಂ ಕಣವ್ವ, ಪಾರ್ಕಿನ್ ಜಾಗವೇಯ. ನಂದು ಅಂತ ಯಾರಂದ್ರು? ನೀವು ಬರೋಗಂಟ ಮಡಗ್ಕೊಂಡಿವ್ನಿ."

ಇಡೀ ಬಡಾವಣೆ ಒಂದು ಕಾಲಕ್ಕೆ ಅವರದೇ ಹೊಲವಂತೆ. ಸೈಟು ಮಾಡುವವರಿಗೆ ಮಾರುವಾಗ ಅವಳ ಗಂಡ ನಕ್ಷೆಯ ಮೇಲೆ ಬೆರಳಿಟ್ಟು, ಈ ಮೂಲೆ ಮಕ್ಕಳು ಆಡಲಿಕ್ಕೆ ತಾನೇ ಎಂದು ಎರಡೆರಡು ಸಲ ಕೇಳಿದ್ದನಂತೆ. ಗಂಡ ಹೋದ ಮೇಲೆ ಇವಳು ಬಿತ್ತಲು ಶುರು ಮಾಡಿದಳು. ಮಳೆಗಾಲಕ್ಕೆ ರಾಗಿ, ಹಿಂಗಾರಿಗೆ ಹುರುಳಿ, ಬೇಸಿಗೆಯಲ್ಲಿ ಏನೂ ಇಲ್ಲದಾಗ ಅಲ್ಲಲ್ಲಿ ಗೊಬ್ಬರದ ಗುಪ್ಪೆ. ಇಷ್ಟನ್ನೂ ಅವಳು ನಿಂತ ನಿಲುವಿನಲ್ಲೇ ಹೇಳಿದಳು. ನಾನು ಕೇಳಿಸಿಕೊಂಡೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರಿ ಜಾಗ ಹಿಡಿದವರೆಲ್ಲ ಒಂದೊಂದು ಕಥೆ ಹೇಳುತ್ತಾರೆ ಎಂದು ಆಫೀಸಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು.

ಅನುದಾನದ ಅರ್ಜಿಯಲ್ಲಿ ಒಂದು ಕಾಲಂ ಇತ್ತು. ಜಾಗ ಅಡೆತಡೆಯಿಲ್ಲದೆ ಖಾಲಿ ಇದೆ ಎಂದು ಬರೆದು, ಸ್ಥಳದಲ್ಲೇ ತೆಗೆದ ಫೋಟೊ ಲಗತ್ತಿಸಬೇಕು. "ಪೈರು ಕಂಡ್ರೆ ಒತ್ತುವರಿ ಅಂತ ಫೈಲ್ ವಾಪಸ್ ಬರುತ್ತೆ. ದಸರಾ ರಜೆಗೆ ಮುಂಚೆ ಹೋಗ್ಬೇಕು" ಎಂದರು ಮುಖ್ಯಾಧಿಕಾರಿಗಳು. ನಾನು ನೋಟಿಸು ಟೈಪು ಮಾಡಿಸಿದೆ. 'ಅನಧಿಕೃತವಾಗಿ ಬೆಳೆದಿರುವ ಬೆಳೆಯನ್ನು ಏಳು ದಿನಗಳೊಳಗೆ ತೆರವುಗೊಳಿಸತಕ್ಕದ್ದು.' ಕೆಳಗೆ ಸಾಹೇಬರ ಸಹಿ, ಪಕ್ಕದಲ್ಲಿ ನನ್ನ ಚಿಕ್ಕ ಸಹಿ. ಆ ಸಹಿಯನ್ನು ನಾನು ಎರಡು ಸಲ ನೋಡಿಕೊಂಡೆ ಎಂಬುದನ್ನೂ ಬಚ್ಚಿಡುವುದಿಲ್ಲ.

ಕಾಗದ ಕೊಟ್ಟಾಗ ಚಿಕ್ಕತಾಯಮ್ಮನಿಗೆ ಓದಲು ಬರಲಿಲ್ಲ. "ಏನ್ ಬರ್ದದೆ ಮಗ?" ಎಂದಳು.

"ಪಾರ್ಕ್ ಮಾಡ್ತೀವಿ ಅಜ್ಜಿ. ಪೈರು ತೆಗೀಬೇಕು."

ಅವಳ ಮುಖ ಅರಳಿದ್ದನ್ನು ನೋಡಿ ನನಗೇ ಆಶ್ಚರ್ಯವಾಯಿತು. ಜಗಳವಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವಳು ಆ ಕಾಗದವನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ದೇವರ ಪಟದ ಹಿಂದೆ ಸಿಕ್ಕಿಸಿದಳು. ಅನಧಿಕೃತ ಎಂಬ ಪದ ಅದರೊಳಗೆ ಇತ್ತು.

"ಯಾವತ್ತು ಶುರು?"

"ಇನ್ನೇನು, ಮುಂದಿನ ವಾರ."

ಯಾಕೆ ಹಾಗೆಂದೆನೋ. ಅರ್ಜಿ ಹೋಗಬೇಕು, ಮಂಜೂರಾಗಬೇಕು, ಟೆಂಡರ್ ಆಗಬೇಕು. ಬೇಗ ಅಂದರೂ ಆರು ತಿಂಗಳು. ನನಗೆ ಅದೆಲ್ಲ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಬಾಯಿಗೆ ಬಂತು, ಅಂದುಬಿಟ್ಟೆ.

ಏಳು ದಿನ ಅವಳು ಕಾಯಲಿಲ್ಲ. ಮಾರನೆಯ ದಿನ ಹತ್ತು ಗಂಟೆಗೆ ನಾನು ಆ ದಾರಿಯಲ್ಲಿ ಹೋಗುವಾಗ ಮುಕ್ಕಾಲು ಹೊಲ ಬೋಳಾಗಿತ್ತು. ರಾಗಿಯ ತೆನೆಗೆ ಹಾಲು ತುಂಬುವ ಹೊತ್ತು ಅದು. ಕುಯ್ದು ಹಾಕಿದ ಹೊರೆಯಿಂದ ಒಂದು ತೆನೆ ಎಳೆದು ಹಿಸುಕಿದೆ. ಬೆರಳಿಗೆ ಬೆಳ್ಳಗೆ ಅಂಟಿತು. ಹೂ ಬಿಟ್ಟಿದ್ದ ಅವರೆ ಬಳ್ಳಿಯನ್ನೂ ಕುಡುಗೋಲು ಬಿಟ್ಟಿರಲಿಲ್ಲ. ಬಿಸಿಲಿಗೆ ಅದರ ಸೊಗಡು ಎದ್ದು ಗಂಟಲಿಗೆ ಹೋಗುತ್ತಿತ್ತು.

"ಇಷ್ಟು ಬೇಗ ಯಾಕಜ್ಜಿ? ಇನ್ನೊಂದು ತಿಂಗಳಿಗೆ ಕಾಳು ಆಗ್ತಿತ್ತು."

"ಕಾಳು ಯಾವನಿಗ್ ಬೇಕು ಮಗ! ನೀವು ಬಂದ್ರಲ್ಲ. ಹಸ ತಿನ್ಕತದೆ ಬುಡು."

ಫೋನು ತೆಗೆದು ನಾಲ್ಕು ಮೂಲೆಗೂ ನಿಂತು ಫೋಟೊ ತೆಗೆದೆ. ಅವಳು ಹೊರೆಯನ್ನು ಪಕ್ಕಕ್ಕೆಳೆದು, "ನಾನು ಬೀಳ್ಬಾರ್ದಾ ಅದ್ರಲ್ಲಿ?" ಎಂದು ನಗುತ್ತ ಸರಿದು ನಿಂತಳು. ಖಾಲಿ ಜಾಗ ಚೆನ್ನಾಗಿ ಬಂದಿತ್ತು. ಅರ್ಜಿ ಆ ಸಂಜೆಯೇ ಹೋಯಿತು.

ಆ ವರ್ಷ ಆಯುಧಪೂಜೆ ಶುಕ್ರವಾರ, ವಿಜಯದಶಮಿ ಶನಿವಾರ, ಆಮೇಲೆ ಭಾನುವಾರ. ಸೋಮವಾರಕ್ಕೆ ರಜೆ ಬರೆದುಕೊಟ್ಟು ಊರಿಗೆ ಹೋದೆ. ಬೈಕು, ನೇಗಿಲು, ಬ್ಯಾರನ್ನಿನ ಕಬ್ಬಿಣದ ಕೊಳವೆ ಎಲ್ಲದಕ್ಕೂ ಪೂಜೆಯಾಯಿತು. ನನ್ನ ಅಳತೆ ಟೇಪಿಗೂ ಅವ್ವ ಕುಂಕುಮ ಇಟ್ಟಳು. ಊಟಕ್ಕೆ ಕುಳಿತಾಗ ನಾನು ಪಾರ್ಕಿನ ಪ್ಲಾನಿನ ವಿಷಯ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಯಾರೂ ಜಗಳ ಮಾಡದ ಹಾಗೆ ಒತ್ತುವರಿ ತೆರವು ಮಾಡಿಸಿದೆ ಎಂದೆ.

ಅಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಏನ್ ಪೈರಿತ್ತು?"

"ರಾಗಿ. ಅಕ್ಕಡಿ ಅವರೆ."

"ಈ ದಿಸದಲ್ಲಿ ತೆನೆ ಬಂದಿರ್ಬೇಕಲ್ಲ."

"ಹಾಲು ತುಂಬಿತ್ತು."

"ಹಾಲ್ ತುಂಬಿದ್ ರಾಗಿ ಕುಯ್ಸುದ್ಯಾ?"

"ಫೋಟೊ ಬೇಕಿತ್ತಪ್ಪ. ಖಾಲಿ ಇರ್ಬೇಕು ಅಂತ ರೂಲ್ಸು."

"ಕೆಲ್ಸ ಯಾವತ್ತು ಶುರು?"

ನಾನು ಸಾರಿನ ಪಾತ್ರೆ ಹತ್ತಿರಕ್ಕೆಳೆದುಕೊಂಡೆ. ಅಪ್ಪ ತಟ್ಟೆ ನೋಡುತ್ತ ಹೇಳಿದರು: "ನೆಲ ಬರಿದ್ ಮಾಡ್ಬುಟ್ಟು ಬಂದಿದ್ದೀಯಲ್ಲ ಕೂಸೆ. ನಾವು ಒಂದಿನ ಹೊಲ ಬರಿದ್ ಬುಟ್ರೆ ಪಕ್ಕದವ್ನು ಬದ ಸರಿಸ್ತಾನೆ. ಈಟ್ ಗೊತ್ತಾಗ್ನಿಲ್ವಾ ನಿಂಗೆ? ನೀನ್ ಯಾರ್ ಮಗಳು?" ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಹಬ್ಬದ ದಿನ ಅಪ್ಪ ಅರ್ಧ ಊಟಕ್ಕೆ ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವ್ವನೂ ನನ್ನನ್ನು ನೋಡಲಿಲ್ಲ.

ಮಂಗಳವಾರ ಬೆಳಿಗ್ಗೆ ಬಸ್ಸಿಳಿದವಳು ಆಫೀಸಿಗೆ ಹೋಗದೆ ನೇರವಾಗಿ ಬಡಾವಣೆಗೆ ನಡೆದೆ. ತಿರುವು ದಾಟಿದ ಕೂಡಲೇ ನಿಂತುಬಿಟ್ಟೆ. ನಾನು ಫೋಟೊ ತೆಗೆದ ಜಾಗದಲ್ಲಿ, ಆ ಫೋಟೊದ ಎಡಗಡೆ, ಸೈಜುಗಲ್ಲಿನ ತಳಪಾಯ ಎದ್ದಿತ್ತು. ಅದರ ಮೇಲೆ ಕಬ್ಬಿಣದ ಕಂಬ, ಕಂಬದ ಮೇಲೆ ಹೊಳೆಯುವ ಹೊಸ ಶೀಟು. ಒಳಗೆ ಸಿಮೆಂಟ್ ಮೂಟೆಗಳು. ಮುಂದೆ ಬಾಳೆಕಂಬ ಕಟ್ಟಿ, ಒಡೆದ ಕುಂಬಳಕಾಯಿ ಇನ್ನೂ ಕೆಂಪಗೆ ಬಿದ್ದಿತ್ತು. ಆಯುಧಪೂಜೆಯನ್ನೂ ಅಲ್ಲೇ ಮಾಡಿದ್ದರು. ಉಳಿದ ಜಾಗದ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಾಗಿತ್ತು, ಕಾಂಪೌಂಡಿಗೆ. ಸಾಲು ರಜೆಯಲ್ಲಿ ಯಾವ ಆಫೀಸೂ ತೆರೆದಿರುವುದಿಲ್ಲ, ತಡೆ ತರುವವರೂ ಇರುವುದಿಲ್ಲ. ಇಂಥ ಕೆಲಸ ಮಾಡುವವರೆಲ್ಲ ಹಬ್ಬ ನೋಡಿಕೊಂಡೇ ಮಾಡುತ್ತಾರೆ ಎಂಬುದು ನನಗೆ ಆ ಹೊತ್ತಿನಲ್ಲಿ ತಿಳಿಯಿತು.

ಕುರ್ಚಿ ಹಾಕಿಕೊಂಡು ಕುಳಿತಿದ್ದವರು ಪಕ್ಕದ ಸೈಟಿನ ಮಹದೇವಣ್ಣ. ಸಿಮೆಂಟು, ಕಬ್ಬಿಣದ ವ್ಯಾಪಾರಸ್ಥರು. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದರು.

"ಬನ್ನಿ ಮೇಡಮ್ಮೋರೆ. ಹಬ್ಬ ಜೋರಾ?"

"ಏನ್ರಿ ಇದು? ಪಾರ್ಕಿನ ಜಾಗ!" ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಖಾಲಿ ಬಿದ್ದಿತ್ತಲ್ಲ ಮೇಡಂ. ನೀವೇ ಫೋಟೊ ತೆಕ್ಕೊಂಡ್ ಹೋದ್ರಂತೆ."

"ನಾಚಿಕೆ ಆಗಲ್ವಾ ನಿಮಗೆ?"

ಅವರಿಗೆ ನಿಜವಾಗಿಯೂ ನೋವಾಯಿತು. "ನೋಡಿ, ಅಂಗನ್ಬೇಡಿ. ಈಟು ವರ್ಷದಿಂದ ಪಕ್ಕದಲ್ಲಿವ್ನಿ. ಆಯಮ್ಮನ ಪೈರಿಗೆ ಒಂದು ದಿಸ ಕಾಲಿಟ್ಟಿಲ್ಲ. ಬೇಕಾದ್ರೆ ಕೇಳಿ. ನಾನೂ ರೈತನ ಮಗನೇಯ, ಪೈರು ತುಳಿಯೋ ಜಾತಿಯವ್ನಲ್ಲ."

ಊರಿನ ಮಕ್ಕಳ ಜಾಗ ನುಂಗಲು ಅಂಜದ ಮನುಷ್ಯ, ಎಳೆ ರಾಗಿ ತುಳಿಯಲು ಅಂಜಿ ಇಷ್ಟು ವರ್ಷ ಕಾದಿದ್ದ. ಚಿಕ್ಕತಾಯಮ್ಮನ ಬೇಲಿ ಆ ಪೈರೇ ಆಗಿತ್ತು. ಆ ಬೇಲಿಯನ್ನು ಕಿತ್ತವಳು ನಾನು, ಸರ್ಕಾರದ ಮೊಹರು ಒತ್ತಿ.

ಚಿಕ್ಕತಾಯಮ್ಮ ಜಗಲಿಯ ಮೇಲೆ ಕುಳಿತಿದ್ದಳು. ಬೈಯಲಿ ಎಂದುಕೊಂಡು ಹತ್ತಿರ ಹೋದೆ. ಅವಳು ನನ್ನ ಮುಖ ನೋಡಿ ಒಂದೇ ಮಾತು ಹೇಳಿದಳು.

"ಮುಂದಿನ ವಾರ ಅಂದಿದ್ದೆ."

ಆಫೀಸಿನಲ್ಲಿ ಮುಖ್ಯಾಧಿಕಾರಿಗಳು ತಲೆ ಹಿಡಿದುಕೊಂಡರು. ನೋಟಿಸು ಹೊರಟಿತು, ಪೊಲೀಸರಿಗೆ ಪತ್ರ ಹೋಯಿತು. ಶೀಟಿನ ಕಂಬಕ್ಕೆ ನಾನೇ ಹೋಗಿ ಕಾಗದ ಅಂಟಿಸಿದೆ. ಮಾರನೆಯ ದಿನ ಅದರ ಮೇಲೆ ಬೀಡಿ ಒತ್ತಿ ಆರಿಸಿದ ಗುರುತಿತ್ತು. "ಕೋರ್ಟಿಗೆ ಹೋಗ್ತಾರೆ, ವರ್ಷಗಟ್ಲೆ ಎಳೆಯುತ್ತೆ. ನಾಲ್ಕನೇ ಪಾರ್ಕನ್ನ ಪಟ್ಟಿಯಿಂದ ತೆಗೆದುಬಿಡಿ ಮೇಡಂ. ಬಸ್ ಸ್ಟ್ಯಾಂಡ್ ಪಾರ್ಕಿಗೆ ಒಂದು ಕಮಾನು ಸೇರಿಸಿ, ಸರಿಹೋಗುತ್ತೆ" ಎಂದರು ಸಾಹೇಬರು. ಕೆಟ್ಟವರಲ್ಲ ಅವರು. ನನ್ನನ್ನು ಉಳಿಸುವ ದಾರಿ ಅದು.

ನಾನು ಬರೆದದ್ದು ಬೇರೆ. ಬೆಳೆ ತೆಗೆಸಿದ್ದು ನಾನು, ಕೆಲಸ ಶುರುವಾಗುವ ದಿನ ಗೊತ್ತಿಲ್ಲದೆ ಮುಂದಿನ ವಾರ ಎಂದು ಹೇಳಿದ್ದು ನಾನು, ಆ ಕಾರಣದಿಂದ ಜಾಗ ಹೋಯಿತು ಎಂದು ವರದಿಯಲ್ಲಿ ಬರೆದು ಸಹಿ ಹಾಕಿದೆ. ಸಾಹೇಬರು ಓದಿ, "ಪ್ರೊಬೇಷನ್ ಮುಗಿದಿಲ್ಲ ನಿಮ್ದು" ಎಂದಷ್ಟೇ ಹೇಳಿದರು. ಕಾರಣ ಕೇಳುವ ನೋಟಿಸು ಈ ಸಲ ನನ್ನ ಹೆಸರಿಗೇ ಬಂತು. ಪ್ರೊಬೇಷನ್ ಒಂದು ವರ್ಷ ಮುಂದೆ ಹೋಯಿತು.

ಅದು ಆಮೇಲಿನ ಮಾತು. ಆ ವಾರದ ಗುರುವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಅಪ್ಪ ಕುಳಿತಿದ್ದರು. ಫೋನಿನಲ್ಲಿ ಅವ್ವನ ಹತ್ತಿರ ನಾನು ಅತ್ತದ್ದು ಅವರಿಗೆ ಗೊತ್ತಾಗಿತ್ತು. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಒಂದು ಚೀಲ.

"ಎಲ್ಲಿ ಆ ಜಾಗ? ತೋರ್ಸು."

"ಏನಪ್ಪ ಅದು?"

"ಹುರುಳಿ. ಇನ್ನೂ ಹದ ಅದೆ. ಮಳೆ ಬಂದದೆ ಮೊನ್ನೆ."

ಚಿಕ್ಕತಾಯಮ್ಮ ಅಪ್ಪನನ್ನು ನೋಡಿದ ಕೂಡಲೇ ಯಾರೆಂದು ಕೇಳದೆ ಒಳಗಿನಿಂದ ತನ್ನ ಗುದ್ದಲಿ ತಂದಳು. "ನಿಮ್ ಕೂಸಾ ಇದು?" ಎಂದು ಕೇಳಿದ್ದು ಅರ್ಧ ಸಾಲು ಅಗೆದ ಮೇಲೆ.

"ಊಂ ಕಣಕ್ಕ. ಓದುಸ್ಬುಟ್ಟೊ. ಏನ್ ಮಾಡದು?"

"ಓದ್ಲಿ ಬುಡಣ್ಣ. ಒಂದ್ಸಲ ಎಡವ್ತವೆ."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಚೂಡಿದಾರದ ಸೊಂಟಕ್ಕೆ ವೇಲು ಬಿಗಿದು, ಕೊರಳಲ್ಲಿದ್ದ ಆಫೀಸಿನ ಗುರುತಿನ ಚೀಟಿಯನ್ನು ಬೆನ್ನಿಗೆ ತಿರುಗಿಸಿಕೊಂಡು, ಕೈಗೆ ಹುರುಳಿ ತೆಗೆದುಕೊಂಡೆ. ಸುಣ್ಣದ ಗೆರೆ ಎಲ್ಲಿತ್ತೋ ಅದರ ಮೇಲೆಯೇ ಅಪ್ಪ ಮೊದಲ ಸಾಲು ಬಿತ್ತಿಸಿದರು. ಶೆಡ್ಡಿನಿಂದ ಕೆಲಸದವರು ಬೀಡಿ ಸೇದುತ್ತ ನೋಡಿದರು. ಮಹದೇವಣ್ಣ ಅಂಗಡಿಯಲ್ಲಿದ್ದರು. ಕಾಂಪೌಂಡಿಗೆ ಕಲ್ಲು ಬರುವುದು ಮುಂದಿನ ಬುಧವಾರ ಎಂದು ಕೆಲಸದವರಲ್ಲೊಬ್ಬ ತಾನಾಗಿಯೇ ಹೇಳಿದ. ಹುರುಳಿಗೆ ಆರು ದಿನ ಇತ್ತು.

ಆ ಆರು ದಿನ ನಾನು ದಿನಕ್ಕೆರಡು ಸಲ ಹೋಗಿ ನೆಲ ನೋಡಿದೆ. ಶನಿವಾರ ಸಣ್ಣ ಮಳೆಯಾಯಿತು. ಭಾನುವಾರ ಏನೂ ಇಲ್ಲ. ಸೋಮವಾರವೂ ಇಲ್ಲ. ಮಂಗಳವಾರ ಮಣ್ಣು ಅಲ್ಲಲ್ಲಿ ಬಿರಿದು ಉಬ್ಬಿತ್ತು, ಅಷ್ಟೇ. ಬುಧವಾರ ಒತ್ತಾರೆ ಕಲ್ಲಿನ ಟ್ರ್ಯಾಕ್ಟರ್ ಬಡಾವಣೆಯ ತಿರುವಿನಲ್ಲಿ ಬರುವ ಹೊತ್ತಿಗೆ ನಾನೂ ಓಡುತ್ತ ಅಲ್ಲಿಗೆ ಮುಟ್ಟಿದೆ. ಚಿಕ್ಕತಾಯಮ್ಮ ಜಗಲಿಯಿಂದ ಇಳಿದಿರಲಿಲ್ಲ. ಗೆರೆಯುದ್ದಕ್ಕೂ, ಒಳಗೆ ಸಾಲುಸಾಲಾಗಿ, ಎರಡೆಲೆ ಬಿಚ್ಚಿದ ಹುರುಳಿ ಮೊಳಕೆ ನಿಂತಿತ್ತು.

ಟ್ರ್ಯಾಕ್ಟರಿನ ಹಿಂದೆ ಬೈಕಿನಲ್ಲಿ ಬಂದ ಮಹದೇವಣ್ಣ ಇಳಿದು, ಗೆರೆಯ ಹತ್ತಿರ ಬಂದು, ನಿಂತರು. ಚಾಲಕ ಟ್ರೈಲರು ಹಿಂದಕ್ಕೆ ತಿರುಗಿಸತೊಡಗಿದ. ಚಕ್ರ ಮೊದಲ ಸಾಲಿಗೆ ಒಂದು ಮೊಳ ದೂರವಿದ್ದಾಗ ಮಹದೇವಣ್ಣ ಕೂಗಿದರು:

"ಲೇ, ತಡಿಯಲೇ! ಮೊಳ್ಕೆ ಕಾಣಾಕಿಲ್ವಾ ನಿಂಗೆ?"

ಆಮೇಲೆ ನನ್ನ ಕಡೆ ತಿರುಗಿ, "ಮೋಸ ಕಣ್ ಮೇಡಂ ಇದು" ಎಂದರು. ಕಲ್ಲನ್ನು ತಮ್ಮ ಸೈಟಿನಲ್ಲಿ ಇಳಿಸಿಕೊಂಡರು. ನೋಟಿಸು, ಪೊಲೀಸರ ಪತ್ರ, ಸಾಹೇಬರ ಮೊಹರು ಯಾವುದಕ್ಕೂ ನಿಲ್ಲದವರು ಎರಡೆಲೆಯ ಮುಂದೆ ನಿಂತರು. ಅದನ್ನು ಕಣ್ಣಾರೆ ನೋಡಿದ ನನಗೆ ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ.

ನಾಲ್ಕನೆಯ ಪಾರ್ಕು ಪಟ್ಟಿಯಲ್ಲೇ ಉಳಿಯಿತು, ಮಿಕ್ಕ ಜಾಗಕ್ಕೆ ಹೊಸ ಫೋಟೊ ಕಳಿಸಬೇಕಾಯಿತು. ಸಾಹೇಬರು ನೋಡಿ, "ಮತ್ತೆ ಪೈರಾ?" ಎಂದು ಕನ್ನಡಕ ತೆಗೆದರು. ಅದನ್ನು ಒರೆಸಿ ಹಾಕಿಕೊಂಡು ಅವರೇ ಹೇಳಿದರು: "ಹುರುಳಿ ಅಂತ ಬರೀಬೇಡಿ. ಹಸಿರು ಹೊದಿಕೆ, ಸ್ಥಳೀಯರ ನಿರ್ವಹಣೆಯಲ್ಲಿದೆ ಅಂತ ಬರೀರಿ." ಹಾಗೆಯೇ ಬರೆದೆ. ಅನುದಾನ ಮಂಜೂರಾದದ್ದು ಮಾರನೆಯ ವರ್ಷದ ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಆ ನೆಲದ ಮೇಲೆ ಒಂದು ಎಳ್ಳು, ಒಂದು ರಾಗಿ ಬಂದು ಹೋಗಿದ್ದವು. ಶೆಡ್ಡು ನಿಂತ ಭಾಗ ಈಗಲೂ ಕೋರ್ಟಿನಲ್ಲಿದೆ. ಅದು ನಾನು ಕಳೆದದ್ದು.

ಇವತ್ತು ಬಸ್ಸಿನಲ್ಲಿ ಆ ಸೊಗಡು ಬಡಿದ ಮೇಲೆ ಫೈಲು ಕೊಡಬೇಕಿದ್ದ ಆಫೀಸಿಗೆ ನೇರವಾಗಿ ಹೋಗಲು ಮನಸ್ಸಾಗದೆ ಆ ಊರಿನಲ್ಲಿ ಇಳಿದುಕೊಂಡೆ. ಪಾರ್ಕಿನಲ್ಲಿ ಜೋಕಾಲಿ ಖಾಲಿ ಇರಲಿಲ್ಲ. ಒಬ್ಬ ಹುಡುಗಿ ಇಳಿಯುವುದನ್ನೇ ಮೂವರು ಕಾಯುತ್ತಿದ್ದರು. ಶೆಡ್ಡಿನ ಕಡೆಯ ಬೇಲಿಯುದ್ದಕ್ಕೂ, ನನ್ನ ಎಸ್ಟಿಮೇಟಿನಲ್ಲಿ ಹೂವಿನ ಪಾತಿ ಎಂದಿದ್ದ ಕಡೆ, ಅವರೆ ಹಬ್ಬಿ ಕಾಯಿ ಬಿಟ್ಟಿತ್ತು. ಕಲ್ಲುಬೆಂಚಿನ ಮೇಲೆ ಕುಳಿತು ಕಾಯಿ ಬಿಡಿಸುತ್ತಿದ್ದ ಚಿಕ್ಕತಾಯಮ್ಮ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

"ಎಂಜಿನೇರು ಕೂಸಲ್ವಾ? ಈಗ ಎಲ್ಲಿ ಮಗ?"

"ಕೋಟೆ ಕಡೆ ಅಜ್ಜಿ. ಅಲ್ಲೂ ಪಾರ್ಕ್ ಕೆಲಸವೇ." ಫೈಲು ತೆಗೆದು ಫೋಟೊ ತೋರಿಸಿದೆ. ಅವಳು ಒಂದೊಂದನ್ನೂ ಕಣ್ಣ ಹತ್ತಿರ ಹಿಡಿದು ನೋಡಿದಳು.

"ಬರೀ ನೆಲ ಅದಲ್ಲ ಕೂಸೆ. ದುಡ್ಡು ಯಾವತ್ ಬತ್ತದೆ?"

"ಮುಂದಿನ" ಎಂದು ಬಾಯಿ ತೆರೆದವಳು ನಿಲ್ಲಿಸಿದೆ. ಅವಳು ಕಾಯುತ್ತಿದ್ದಳು.

"ಗೊತ್ತಿಲ್ಲ ಅಜ್ಜಿ."

ಚಿಕ್ಕತಾಯಮ್ಮ ಮೊರವನ್ನು ಬೆಂಚಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ರಸ್ತೆ ದಾಟಿ ಮನೆಯೊಳಗೆ ಹೋದಳು. ಹಳೆಯ ಸೀರೆಯ ಚೂರಿನಲ್ಲಿ ಕಟ್ಟಿದ ಅಲಸಂದೆ ಬೀಜದ ಗಂಟು ತಂದು ನನ್ನ ಫೈಲಿನ ಮೇಲಿಟ್ಟಳು.

"ಯುಗಾದಿ ಮಳೆ ಬಿದ್ದೇಟ್ಗೆ ಎರಚ್ಬುಡು. ಅಲ್ಲೀಗಂಟ ನಾಕ್ ಕಡೆ ಗೊಬ್ರದ್ ಗುಪ್ಪೆ ಹಾಕ್ಸಿರು. ಯಾರೋ ಗೇಯ್ತಾವ್ರೆ ಅಂತ ಕಾಣ್ಬೇಕು."